ಕೋಟು ತೊಟ್ಟು ಸತ್ತ ಗೆಳತಿ

"ನನ್ನ ಗೆಳತಿ ಸತ್ತುಹೋದ್ಲು ಅಣ್ಣಾ. ದುಡ್ಡೂ ವಾಪಸ್ ಕೊಡಲ್ವಂತೆ," ಎನ್ನುತ್ತ ಟೈಲರಕ್ಕ ನಮ್ಮ ಬಾಗಿಲಲ್ಲೇ ಕುಸಿದು ಕೂತಳು.

ಕನ್ನಡಕ ಒರೆಸುತ್ತಿದ್ದ ಭಾವ ತಲೆಯೆತ್ತಿದರು. ನಮ್ಮ ಕಟ್ಟಡದಲ್ಲಿ ಬೀಗದ ಕೈ ಕಳೆದರೂ ಜನ ಪೊಲೀಸರನ್ನು ಬಿಟ್ಟು ಭಾವನನ್ನೇ ಹುಡುಕಿಕೊಂಡು ಬರುತ್ತಿದ್ದರು. ನಾನು ಅಕ್ಕನ ಮನೆಯಲ್ಲಿ ಬೇರೂರಿದ್ದ ಭಾಮೈದ. ಭಾವ ಹೋದಲ್ಲೆಲ್ಲ ಬಾಲದಂತೆ ಹಿಂದೆ ಹೋಗುವುದೇ ನನ್ನ ಉದ್ಯೋಗವಾಗಿತ್ತು.

ಟೈಲರಕ್ಕ ಕೆಳಗಿನ ಅಂಗಡಿಯಲ್ಲಿ ಒಬ್ಬಳೇ ಹೊಲಿಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಾತಿಗೆ ಜನವಿಲ್ಲದೆ, ಒಂದು ಅಂತರರಾಷ್ಟ್ರೀಯ ಪತ್ರಮೈತ್ರಿ ಸಂಸ್ಥೆಗೆ ಮುಂಗಡ ಚಂದಾ ಕಟ್ಟಿದ್ದಳು. ಹೊರದೇಶದ ಗೆಳತಿ ತನ್ನ ಭಾಷೆಯಲ್ಲಿ ಬರೆಯುತ್ತಾಳೆ, ಸಂಸ್ಥೆಯವರು ಅನುವಾದಿಸಿ ಟೈಪು ಮಾಡಿ ಕೊಡುತ್ತಾರೆ ಎಂಬುದು ಕರಾರು. ಈಚೆಗೆ ಅನುಮಾನ ಬಂದು, "ಮೂಲ ಪತ್ರ ತೋರಿಸಿ, ಇಲ್ಲವೇ ಹಣ ವಾಪಸ್ ಕೊಡಿ" ಎಂದು ಕೇಳಿದ್ದಳು. ಕೇಳಿದ್ದೇ ತಡ, ಗೆಳತಿ ಸತ್ತ ಸುದ್ದಿ ಬಂತು. ಸದಸ್ಯರು ಸತ್ತರೆ ಹಣ ವಾಪಸ್ ಇಲ್ಲವಂತೆ. ಹೊಸ ಚಂದಾ ಕಟ್ಟಿದರೆ ಹೊಸ ಗೆಳತಿಯನ್ನು ಕೊಡುತ್ತಾರಂತೆ! ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು.

"ಅವಳು ಇದ್ಲೋ ಇಲ್ವೋ, ಅಷ್ಟು ಹೇಳಿ ಅಣ್ಣಾ," ಎಂದಳು ಅವಳು. "ಇದ್ದಿದ್ರೆ ಅತ್ತು ಸುಮ್ಮನಾಗ್ತೀನಿ. ಇಲ್ದಿದ್ರೆ ಬಿಡಿಗಾಸೂ ಬಿಡಲ್ಲ."

ಭಾವ ಕೊನೆಯ ಎರಡು ಪತ್ರಗಳನ್ನು ಓದಿದರು. ಗೆಳತಿಯದರಲ್ಲಿ, "ನೀನು ಹೊಲಿದ ಕೋಟು ಇನ್ನೂ ಬಂದಿಲ್ಲ, ದಿನಾ ಬಾಗಿಲು ನೋಡುತ್ತಿದ್ದೇನೆ" ಎಂದಿತ್ತು. ಅವಳ ಮನೆಯವರ ಹೆಸರಲ್ಲಿ ಬಂದ ಸಾವಿನ ಸುದ್ದಿಯಲ್ಲಿ, "ನಿಮ್ಮ ಬೂದು ಕೋಟು, ಅದರ ಕೊಂಬಿನ ಗುಂಡಿಗಳು ಅವಳಿಗೆ ಪ್ರಾಣ. ಅದನ್ನು ತೊಡಿಸಿಯೇ ಮಣ್ಣು ಮಾಡಿದೆವು" ಎಂದಿತ್ತು.

"ಕೋಟು ಯಾವುದಮ್ಮಾ?"

"ನಾನೇ ಹೊಲಿದು ಆಫೀಸಿಗೆ ಕೊಟ್ಟು ಬಂದಿದ್ದೆ. ಬಣ್ಣ, ಗುಂಡಿ ಏನೂ ಬರೆದಿರ್ಲಿಲ್ಲ. ನೋಡಿ ಖುಷಿಪಡ್ಲಿ ಅಂತ. ಅಳತೆಗೇ ಎಷ್ಟು ಒದ್ದಾಡಿಸಿದ್ಲು! ಮೊದಲು ಬಾಯಿಗೆ ಬಂದದ್ದು ಬರೆದಿದ್ಲು. ಆ ಅಳತೆಗೆ ಮನುಷ್ಯರೇ ಇರಲ್ಲ, ಟೇಪು ಹಿಡಿದು ತೆಗೆದು ಕಳಿಸು ಅಂದೆ. ಆಮೇಲೆ ಸರಿಯಾಗಿ ಕಳಿಸಿದ್ಲು. ಎಡಭುಜ ತುಸು ಇಳಿಜಾರು, ಪಾಪ. ಒಳಗೆ ಪ್ಯಾಡ್ ಇಟ್ಟೆ."

ಮರುದಿನ ಸಂಸ್ಥೆಗೆ ಹೋದೆವು. ಅಲ್ಲಿ ಇದ್ದವರೇ ಮೂವರು: ಮ್ಯಾನೇಜರು, ದಪ್ಪನೆಯ ಕ್ಯಾಷಿಯರಮ್ಮ, ಮತ್ತು ಟೈಪಿಸ್ಟ್ ಹುಡುಗಿ. ಮ್ಯಾನೇಜರು ನಕ್ಕು, "ನಿಯಮ ನಿಯಮಾನೇ ಸಾರ್. ಮೂಲ ಪತ್ರ ಎಲ್ಲ ಕೇಂದ್ರ ಕಚೇರಿಲಿರುತ್ತೆ. ಅರ್ಜಿ ಹಾಕಿ, ನೋಡೋಣ," ಎಂದ. ಬರೀ ಅಡ್ಡಗೋಡೆ ಮೇಲೆ ದೀಪ ಇಡುವ ಮಾತು. ಕೊರಳಪಟ್ಟಿ ಹಿಡಿಯೋಣವೆಂದರೆ ಭಾವ ನನ್ನ ತೋಳು ಬಿಡಲಿಲ್ಲ. ಅವರ ಕಣ್ಣು ಊಟಕ್ಕೆ ಹೊರಟ ಟೈಪಿಸ್ಟ್ ಮೇಲಿತ್ತು. ಅವಳ ಎಡ ಹೆಗಲಿನ ಚೀಲ ಜಾರುತ್ತಲೇ ಇತ್ತು, ಅವಳು ಎಳೆದುಕೊಳ್ಳುತ್ತಲೇ ಇದ್ದಳು.

ಹೊರಗೆ ಬಂದವನೇ ರೇಗಿದೆ. "ಇಷ್ಟೇನಾ ಭಾವ? ಅವನು ನಮ್ಮ ಕಿವಿ ಮೇಲೆ ಹೂವಿಟ್ಟು ಕಳಿಸಿದ!"

"ಇಟ್ಟರೆ ಇಡಲಿ ಬಿಡೋ," ಎಂದು ಭಾವ ನೇರ ಟೈಲರಕ್ಕನ ಅಂಗಡಿಗೆ ಹೋಗಿ, ಅದೇ ಅಳತೆಗೆ, ಅದೇ ಬಟ್ಟೆಯಲ್ಲಿ ಇನ್ನೊಂದು ಕೋಟು ಹೊಲಿಯಲು ಹೇಳಿದರು. ಸತ್ತವಳಿಗೆ ಮತ್ತೊಂದು ಕೋಟೇ ಎಂದು ಅವಳು ಗೊಣಗುತ್ತಲೇ ಹೊಲಿದಳು.

ಕೋಟು ಸಿದ್ಧವಾದ ಮೇಲೆ ಭಾವ, ಕಟ್ಟಡದವರೆಲ್ಲ ಚಂದಾದಾರರಾಗುತ್ತಾರೆ ಎಂದು ಸಂಸ್ಥೆಗೆ ಹೇಳಿಕಳಿಸಿದರು. ಮೂವರೂ ರಸೀದಿ ಪುಸ್ತಕ ಹಿಡಿದು ಅಂಗಡಿಗೆ ಓಡಿಬಂದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಒಂದು ಸಾವಿನ ವಿಚಾರ," ಎಂದು ಭಾವ ಶುರುಮಾಡಿದರು. "ಕೋಟು ಬಂದಿಲ್ಲ ಅಂತ ಬರೆದವಳಿಗೆ ಕೋಟು ಸಿಕ್ಕಿಲ್ಲ. ಅದರ ಗುಂಡಿ ಕೂಡ ವರ್ಣಿಸಿ ಸಾವಿನ ಸುದ್ದಿ ಬರೆದವನು ಅದನ್ನ ಕಣ್ಣಾರೆ ನೋಡಿದಾನೆ. ಹಾಗಾಗಿ ನಿಮ್ಮಲ್ಲೇ ಬರೆದವರು ಇಬ್ಬರು ಅನ್ನಿಸ್ತು. ಎರಡು ಪತ್ರದ ಮಧ್ಯೆ ಕೋಟು ತಲುಪಿರಬಹುದು ಅಂದ್ರೆ ಒಪ್ತೀನಿ. ಆದ್ರೆ ಅಳತೆ? ಎಲ್ಲಾನೂ ಸುಳ್ಳು ಬರೆಯಬಹುದು, ಈಯಮ್ಮನ ಹತ್ರ ಸುಳ್ಳು ಅಳತೆ ನಡೆಯಲಿಲ್ಲ. ಬರೆದವಳು ಬೇರೆ ದಾರಿ ಇಲ್ದೆ ತನ್ನ ಮೈಯನ್ನೇ ಅಳೆದು ಕಳಿಸಿದ್ಲು. ಒಂದು ಭುಜ ಇಳಿಜಾರು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಟೈಪಿಸ್ಟ್‌ಳ ಕೈ ತಾನಾಗಿಯೇ ಎಡ ಹೆಗಲಿಗೆ ಹೋಯಿತು.

"ಕೋಟು ಯಾರಿಗೆ ಬೇಕಾದ್ರೂ ಸರಿಹೋಗುತ್ತೆ!" ಎಂದು ಮ್ಯಾನೇಜರು ಕೂಗಿದ.

"ನೋಡೇಬಿಡೋಣ," ಎಂದು ಭಾವ ಹೊಸ ಕೋಟನ್ನು ಮೊದಲು ಕ್ಯಾಷಿಯರಮ್ಮನಿಗೆ ಕೊಟ್ಟರು. ಅವಳ ತೋಳೇ ಒಳಗೆ ಹೋಗಲಿಲ್ಲ. ಅವಳು ಕೋಟನ್ನು ತಿರುವಿ ನೋಡಿ, "ಅಯ್ಯೋ, ಸಾರ್ ಮನೆಯವ್ರು ಹಾಕ್ಕೊಳ್ಳೋದೂ ಇಂಥದ್ದೇ ಅಲ್ವಾ? ಭುಜಾನೇ ಸರಿಯಾಗಿ ಕೂರಲ್ಲ ಅಂತಿದ್ರು!" ಎಂದುಬಿಟ್ಟಳು. ಮ್ಯಾನೇಜರನ ಮುಖ ಇಂಗು ತಿಂದ ಮಂಗನಂತಾಯಿತು.

ಟೈಪಿಸ್ಟ್ ಕೋಟು ತೊಟ್ಟಳು. ಎಲ್ಲೂ ಒಂದು ಸುಕ್ಕಿಲ್ಲ. ಇಳಿಜಾರು ಭುಜವೂ ಸಮನಾಗಿ ಕಂಡಿತು.

"ಸಾರ್ ನನ್ಹತ್ರ ಕೋಟು ಬಂದೇ ಇಲ್ಲ ಅಂದಿದ್ರು ಅಕ್ಕಾ," ಎಂದು ಅವಳು ಅತ್ತಳು. "ನೀವು ದುಡ್ಡು ಕೇಳಿದಾಗ, ಅವಳನ್ನ ಸಾಯಿಸಿಬಿಡು ಅಂದ್ರು. ನನ್ನ ಕೈಲಾಗಲ್ಲ ಅಂದೆ. ಅವರೇ ಬರೆದ್ರು. ಆದ್ರೆ ನಾನು ಬರೆದಿದ್ದೆಲ್ಲ ಸುಳ್ಳಲ್ಲ. ನಿಮ್ಮ ಪತ್ರಕ್ಕೆ ನಾನೂ ಕಾಯ್ತಿದ್ದೆ."

ಮ್ಯಾನೇಜರು ಕ್ಯಾಷಿಯರಮ್ಮನ ಚೀಲದಿಂದ ಟೈಲರಕ್ಕನ ಚಂದಾ ಹಣವನ್ನು ಪೂರ್ತಿ ತೆಗೆದಿಟ್ಟ. ಉಳಿದದ್ದನ್ನು ಪೊಲೀಸರ ಮುಂದೆ ಹೇಳಿಕೋ ಎಂದರು ಭಾವ. ಗೆದ್ದಿದ್ದೆವು. ಆದರೂ ನನಗೆ ಯಾರನ್ನಾದರೂ ಬಾರಿಸಬೇಕೆನಿಸುತ್ತಲೇ ಇತ್ತು.

ಟೈಪಿಸ್ಟ್ ಕೋಟಿನ ಗುಂಡಿ ಬಿಚ್ಚತೊಡಗಿದಳು. ಟೈಲರಕ್ಕ ಅವಳ ಹತ್ತಿರ ಬಂದಳು. ಕೈ ಮುಂದೆ ಚಾಚಿ, ಭುಜದ ಹತ್ತಿರ ಅಂಟಿಕೊಂಡಿದ್ದ ನೂಲೊಂದನ್ನು ತೆಗೆದಳು.

"ಹಾಕ್ಕೊಂಡೇ ಹೋಗಮ್ಮ," ಎಂದಳು. "ಸತ್ತವರ ಬಟ್ಟೆ ನಾನು ವಾಪಸ್ ತಗೊಳಲ್ಲ."