ನೋಡದೆ ಒತ್ತಿದ ಹೆಬ್ಬೆಟ್ಟು

ಪೋತ್ನಾಳದ ಚರಿತ್ರೆಯಲ್ಲಿ ದಾಖಲಾಗಲೇಬೇಕಾದ ಘಟನೆಯೊಂದು ಕಳೆದ ಕಾರ್ತಿಕದ ಭಾನುವಾರ, ಬೆಳಿಗ್ಗೆ ಏಳು ಗಂಟೆಗೆ ನಡೆಯಿತು. ಒಬ್ಬ ಮನುಷ್ಯ ಫೋಟೋದೊಳಗೆ ಅಡ್ಡ ಬಂದ.

ಫೋಟೋ ವಿಜಯಲಕ್ಷ್ಮಿಯದು. ಮಾನ್ವಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಆಕೆ ಭಾನುವಾರಗಳಂದು ಕ್ಯಾಮೆರಾ ಹಿಡಿದು ಹೊರಡುತ್ತಿದ್ದಳು. ಸ್ಕೂಟಿಯಲ್ಲಿ ಹೋಗಿ ಸಂಜೆಯೊಳಗೆ ಮನೆ ಸೇರುವಷ್ಟೇ ದೂರ, ಕಪ್ಪು ಬಿಳುಪು ಮಾತ್ರ. ಇವೆರಡು ಆಕೆಯೇ ಹಾಕಿಕೊಂಡ ಕಟ್ಟಳೆ. ಅಂದು ಅಕ್ಕಿ ಗಿರಣಿಯ ಅಂಗಳದಲ್ಲಿ ಭತ್ತ ತಿರುವುವ ಹೆಂಗಸರ ಉದ್ದುದ್ದ ನೆರಳುಗಳಿದ್ದವು. ಅವುಗಳ ನಡುವೆ ಗಿರಣಿಯ ಮಾಲೀಕ ಕೊಟ್ರೇಶ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಯಾವ ಆಫೀಸಿನವರ್ರೀ? ಹೊಟ್ಟಿನ ಧೂಳಿನ ಮ್ಯಾಲ ಯಾರ ಕಂಪ್ಲೇಂಟ್ ಕೊಟ್ಟಾರ?"

"ಎರಡು ಹೆಜ್ಜಿ ಹಿಂದ ಸರೀರಿ. ನೆರಳು ತುಳಿಯಾಕತ್ತೀರಿ."

ಯಾರ ಮಾತಿಗೂ ಜಗ್ಗದವನೆಂದು ಹೆಸರಾದ ಕೊಟ್ರೇಶ ಎರಡು ಹೆಜ್ಜೆ ಹಿಂದೆ ಸರಿದ. ಹಮಾಲರು ಚೀಲ ಇಳಿಸಿ ನಿಂತು ನೋಡಿದರು.

ಆಮೇಲಿನ ಭಾನುವಾರಗಳಲ್ಲಿ ಆಕೆ ಕ್ಯಾಮೆರಾ ಹಿಡಿದು ಹೋದ ಕಡೆಯೇ ಅವನಿಗೂ, ಬಾಗಲವಾಡದಲ್ಲೋ ರಾಯಚೂರಿನ ಕೋಟೆಗೋಡೆಯ ಬಳಿಯೋ ಏನಾದರೊಂದು ಕೆಲಸ ಬೀಳುತ್ತಿತ್ತು. ಏನು ಕೆಲಸವೆಂದು ಆಕೆ ಕೇಳಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಅವನು ಮನೆಯಲ್ಲಿ ಬಾಯಿಬಿಟ್ಟ. ಹಿರಿಯರು ಹುಡುಗಿಯ ಫೋಟೋ ಕೇಳಿದರು. ಕಿಟಕಿಯ ಬೆಳಕಿನಲ್ಲಿ ತಾನೇ ತೆಗೆದುಕೊಂಡ ಕಪ್ಪು ಬಿಳುಪಿನ ಚಿತ್ರವೊಂದನ್ನು ವಿಜಯಲಕ್ಷ್ಮಿ ಕಳಿಸಿದಳು.

ಎಂಟು ದಿನದ ನಂತರ ಕೊಟ್ರೇಶನ ಸೋದರತ್ತೆ ಸೂಗಮ್ಮ 'ಶುಭಕಾರ್ಯ' ಎಂಬ ವಾಟ್ಸಾಪ್ ಗುಂಪು ಕಟ್ಟಿ, ಎರಡೂ ಮನೆಯವರನ್ನು ಸೇರಿಸಿ, ಅದರಲ್ಲಿ ಫೋಟೋ ಹಾಕಿದಳು. ವಿಜಯಲಕ್ಷ್ಮಿಯ ಅಪ್ಪ ಹಿಗ್ಗಿನಿಂದ ಮಗಳಿಗೆ ತೋರಿಸಿದರು.

ಅದೇ ಕಿಟಕಿ, ಅದೇ ಭಂಗಿ. ಆದರೆ ಗುಲಾಬಿ ಕೆನ್ನೆ, ಹಾಲಿನಂಥ ಮೈಬಣ್ಣ... ಯಾರೋ ಬೇರೆ ಹುಡುಗಿ. ಕೆಳಗೆ ಕೊಟ್ರೇಶನ ಹೆಬ್ಬೆಟ್ಟಿನ ಗುರುತು. ಒಪ್ಪಿಗೆ.

'ಇಷ್ಟು ದಿನ ನನ್ನ ಜೊತೆ ತಿರುಗಿದವನಿಗೆ ಬೇಕಾಗಿದ್ದವಳು ಇವಳಾ...?'

ಅವಳು ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಅವನ ಫೋನ್ ಎತ್ತುವುದನ್ನು ಬಿಟ್ಟಳು, ಅಷ್ಟೇ.

ಮೂರು ವಾರದ ಮೇಲೆ, ಆಕೆ ಫೋಟೋ ತೆಗೆಯಲು ಹೋದ ಜಾಗವನ್ನು ಅವಳ ಅಪ್ಪನಿಂದ ತಿಳಿದುಕೊಂಡು ಕೊಟ್ರೇಶ ಹೊಳೆದಂಡೆಯ ಗೂಗಲ್ ಎಂಬ ಊರಿಗೆ ಬಂದ. ಕೃಷ್ಣೆಯ ನೀರು ಇಳಿದು ಬಂಡೆಗಳು ಎದ್ದಿದ್ದವು. ಕ್ಯಾಮೆರಾದಿಂದ ಕಣ್ಣು ತೆಗೆಯದೆ ಆಕೆ ಅವನ ಮಾತು ಕೇಳಿಸಿಕೊಂಡಳು. ಬರೀ ಕರಿ-ಬಿಳಿ ಕೊಟ್ಟಿದ್ದಾರೆಂದರೆ ಹುಡುಗಿಯ ಬಣ್ಣ ಮುಚ್ಚಿಡಲಿಕ್ಕೇ ಎಂದು ಅತ್ತೆಗೆ ಅನುಮಾನ ಬಂದಿತ್ತಂತೆ. ಮನೆಯ ಮರ್ಯಾದೆ ಉಳಿಸಲು ದೇವದುರ್ಗದ ಸ್ಟುಡಿಯೋದಲ್ಲಿ ಬಣ್ಣ ತುಂಬಿಸಿದ್ದಳಂತೆ.

"ಮತ್ತ ನೀವು?"

"ಲಾರಿ ಲೋಡ್ ಆಗಾಕತ್ತಿತ್ತು. ಫೋಟೋ ತೆಗೆದು ನೋಡಿರ್ಲಿಲ್ಲ. ಹಂಗ ಹೆಬ್ಬೆಟ್ಟು ಒತ್ತಿದೆ."

"ಬಣ್ಣ ಹಾಕ್ಸಿದ್ದು ಅತ್ತಿ ತಪ್ಪು. ನೋಡದ ಬಿಟ್ಟಿದ್ದು ನಿಮ್ಮ ತಪ್ಪು. ನನಗ ಜಾಸ್ತಿ ನೋವಾಗಿದ್ದು ಎರಡನೇದಕ್ಕ."

ಅವನು ಜೇಬಿಗೆ ಕೈಹಾಕಿದ. ಫೋನ್ ತೆಗೆದು ಕೊಟ್ಟ. ಹಿಂದಿನ ದಿನ ಗುಂಪಿನಲ್ಲಿ ಅವಳ ಮೂಲ ಫೋಟೋ ಹಾಕಿ ಬರೆದಿದ್ದ: 'ನಾ ಕೇಳಿದ ಹುಡುಗಿ ಈಕಿ. ಕಪ್ಪ ಅದಾಳ. ಮದ್ಲಿನ ಫೋಟೋದಾಕಿ ಯಾರೋ ನನಗ ಗೊತ್ತಿಲ್ಲ.' ಅದರ ಕೆಳಗೆ ನಲವತ್ತು ಮಂದಿಯ ಮೌನ, ಆಮೇಲೆ ಸೂಗಮ್ಮ ಗುಂಪು ತೊರೆದ ಸುದ್ದಿ.

ವಿಜಯಲಕ್ಷ್ಮಿ ಅದನ್ನು ಎರಡು ಸಲ ಓದಿದಳು. ನಂತರ ತಲೆಯ ಮೇಲಿನ ಸೆರಗು ಸರಿಸಿ, ಬಿಸಿಲಿಗೆ ಮುಖ ಕೊಟ್ಟು ನಿಂತಳು.

"ಈಗ ನೋಡ್ರಿ. ಏನ ಕಾಣ್ತದ ಹೇಳ್ರಿ."

ಕೊಟ್ರೇಶ ನೋಡಿದ. ಬಹಳ ಹೊತ್ತು ನೋಡಿದ.

"ಎಡಗಡಿ ಹುಬ್ಬಿನಾಗ ಒಂದು ಗಾಯದ ಗೆರಿ ಅದ. ಇಷ್ಟು ದಿನ ನನಗ ಅದು ಕಂಡಿರ್ಲಿಲ್ಲ."

"ಇನ್ನ?"

"ಇನ್ನ ನೋಡಾಕತ್ತೀನಿ. ಗಡಿಬಿಡಿ ಮಾಡಬ್ಯಾಡ್ರಿ."

ವೈಶಾಖದಲ್ಲಿ ಮಾನ್ವಿಯಲ್ಲಿ ಅವರ ಮದುವೆಯಾಯಿತು. ಸೂಗಮ್ಮನೂ ಬಂದಿದ್ದಳು.