ಅಗಸಿ ಹಚ್ಚಿದ ಶನಿವಾರ

“ಮಮ್ಮೀ, ನೋಯಾಕತ್ತೈತಿ!”

“ಅಳ್ಳಾಡಬ್ಯಾಡ ಅಂದ್ರ ಅಳ್ಳಾಡಬ್ಯಾಡ. ಸುಮ್ಮಕ ಕುಂದ್ರು.”

ಬಾಚಣಿಗೆ ಕಾವ್ಯಾಳ ಕೂದಲಿನಲ್ಲಿ ಅರ್ಧ ದಾರಿ ಬಂದು ನಿಂತುಬಿಟ್ಟಿತ್ತು. ಅಮ್ಮ ಜಗದೇವಿ ಮೇಲಿಂದ ಎಳೆದಳು, ಕೆಳಗಿಂದ ಬಿಡಿಸಿದಳು. ಟಕ್ ಎಂದು ಸದ್ದಾಯಿತು. ಬಾಚಣಿಗೆಯ ಒಂದು ಹಲ್ಲು ಮುರಿದು ನೆಲಕ್ಕೆ ಬಿತ್ತು.

ಅದೇ ಹೊತ್ತಿಗೆ ಕೆಳಗೆ ಗೇಟಿನ ಹತ್ತಿರ ಆಫೀಸ್ ಕ್ಯಾಬ್ ಹಾರ್ನ್ ಹೊಡೆಯಿತು.

“ಸಾಕಾತವಾ ತಾಯಿ,” ಎನ್ನುತ್ತಾ ಅಮ್ಮ ಎದ್ದಳು. “ಈ ಸಂಡೇ ಪಾರ್ಲರಿಗೆ ಹೋಗೂಣು. ಭುಜದ ಮಟ ಕಟ್ ಮಾಡಿಸಿಬಿಡ್ತೀನಿ. ನನಗೂ ಆರಾಮ, ನಿನಗೂ ಆರಾಮ.”

“ಬ್ಯಾಡ ಮಮ್ಮಿ! ಪ್ಲೀಸ್!”

ಕಾವ್ಯಾಳ ಕಣ್ಣಲ್ಲಿ ನೀರು ತುಂಬಿದ್ದು ನೋಡಿ ಅಮ್ಮ ಬಾಗಿಲಲ್ಲಿ ನಿಂತಳು. “ಆತು. ಸಂಡೇ ಮುಂಜಾನಿ ಇದ ಹಣಿಗೀಲೆ ಬಾಚತೀನಿ. ಮ್ಯಾಲಿಂದ ಕೆಳಗಿನ ಮಟ ಎಲ್ಲೂ ನಿಲ್ಲದ ಬಂತಂದ್ರ ಕಟ್ ಮಾಡಸೂದಿಲ್ಲ. ನಿಂತತೋ, ಪಾರ್ಲರ್. ಓಕೆ?”

“ಪಕ್ಕಾ?”

“ಪಕ್ಕಾ.”

ಅಮ್ಮ ಮೆಟ್ಟಿಲಿಳಿದು ಓಡಿದಳು. ಅವಳು ಮತ್ತೆ ಮನೆಗೆ ಬರುವಾಗ ಕಾವ್ಯಾಳ ಊಟ, ಹೋಮ್‌ವರ್ಕ್ ಎಲ್ಲ ಮುಗಿದಿರುತ್ತಿತ್ತು. ದಿನದಲ್ಲಿ ಅಮ್ಮನ ಮುಂದೆ ಕಾಲು ಚಾಚಿ ಕೂರಲು ಸಿಗುವುದು ಈ ತಲೆ ಬಾಚುವ ಹೊತ್ತು ಮಾತ್ರ. ನೋವಾದರೂ ಕಾವ್ಯಾಳಿಗೆ ಅದು ಬೇಕು. ಆದರೆ ಇದನ್ನೆಲ್ಲ ಹಾರ್ನ್ ಹೊಡೆಯುವ ಕ್ಯಾಬಿಗೆ ಹೇಳಲಾಗುತ್ತದೆಯೇ?

ತಪ್ಪು ಕೂದಲಿನದಲ್ಲ, ನೀರಿನದು. ಅವರು ಮಣಿಕೊಂಡದ ಹೊಸ ಅಪಾರ್ಟ್‌ಮೆಂಟಿಗೆ ಬಂದು ವರ್ಷವಾಗಿತ್ತು. ಅಲ್ಲಿ ಬೋರ್‌ವೆಲ್ ನೀರು, ಅದು ಬತ್ತಿದರೆ ಟ್ಯಾಂಕರ್ ನೀರು. ಎರಡೂ ಗಡಸು ನೀರು, ಎರಡಕ್ಕೂ ಮಹಾ ಹಟ. ಎಷ್ಟು ಶಾಂಪೂ ಹಾಕಿದರೂ ನೊರೆ ಬರುವುದಿಲ್ಲ, ಬಕೆಟ್ಟಿನ ಒಳಗೆಲ್ಲ ಬಿಳಿ ಬಿಳಿ ಕಲೆ. ಟಿವಿ ಜಾಹೀರಾತಿನ ಹುಡುಗಿ ತಲೆ ಕೊಡವಿದರೆ ಕೂದಲು ಹೊಳೆಯುತ್ತಾ ಹಾರಾಡುತ್ತಿತ್ತು. ಅವಳು ಮಣಿಕೊಂಡದಲ್ಲಿ ಒಂದು ದಿನವೂ ಸ್ನಾನ ಮಾಡಿರಲಿಕ್ಕಿಲ್ಲ.

ದಸರಾ ರಜೆಯಲ್ಲಿ ಊರಿನ ಇನ್ನೊಂದು ತುದಿಯಲ್ಲಿರುವ ತಾರ್ನಾಕದ ಅಜ್ಜಿಯ ಮನೆಯಲ್ಲಿದ್ದಾಗ ಮಾತ್ರ ಕಾವ್ಯಾಳ ಕೂದಲೂ ಹಾಗೇ ಆಗಿತ್ತು. ಅಲ್ಲಿ ನಲ್ಲಿಯಲ್ಲಿ ಸಿಹಿ ನೀರು. ಸೂಗಮ್ಮಜ್ಜಿ ಬೆಚ್ಚಗಿನ ಎಣ್ಣೆ ಹಚ್ಚಿ, ಸೀಗೆಪುಡಿ ತಿಕ್ಕಿ, ಎರೆಯುತ್ತಿದ್ದಳು. ಆಮೇಲೆ ಅಗಸಿ ಬೀಜ ಕುದಿಸಿದ ಲೋಳೆಯನ್ನು ಕೂದಲಿಗೆಲ್ಲ ಸವರಿ, ಸ್ವಲ್ಪ ಹೊತ್ತು ಬಿಟ್ಟು ತೊಳೆಯುತ್ತಿದ್ದಳು. “ಚಟ್ನಿ ತಿಂದ್ರ ಹೊಟ್ಟಿಗಿ ತಂಪು, ತಲಿಗಿ ಹಚ್ಚಿದ್ರ ಕೂದ್ಲಕ್ಕ ಮಿಂಚು,” ಎನ್ನುತ್ತಿದ್ದಳು.

ಅಗಸಿ! ಅದು ಅಡುಗೆಮನೆಯ ಡಬ್ಬಿಯಲ್ಲೇ ಇತ್ತಲ್ಲ! ಅಜ್ಜಿ ಹೇಗೆ ಮಾಡುತ್ತಾಳೆ ಎಂದು ಕಾವ್ಯಾ ನೋಡಿದ್ದಳು ಕೂಡ. ಬೀಜ ಹಾಕಿ, ನೀರು ಹಾಕಿ, ಕುದಿಸಿ, ತಿರುವಿ... ಅಷ್ಟರಲ್ಲಿ ಬೀದಿಯಲ್ಲಿ ಕುಲ್ಫಿಯವನ ಗಂಟೆ ಕೇಳಿತ್ತು. ಅವಳು ಗೇಟಿಗೆ ಓಡಿದ್ದಳು. ಕುಲ್ಫಿ ಚೀಪುತ್ತಾ ವಾಪಸ್ ಬರುವಾಗ ಬಟ್ಟಲಿನಲ್ಲಿ ಲೋಳೆ ತಯಾರಾಗಿತ್ತು.

ಶನಿವಾರ ಬಂತು. ಅಮ್ಮನಿಗೆ ಅವತ್ತೂ ಆಫೀಸು. ಅಪ್ಪ ಮಹೇಶಕುಮಾರ ಸೋಫಾದಲ್ಲಿ ಕ್ರಿಕೆಟ್ ನೋಡುತ್ತಿದ್ದ.

“ಪಪ್ಪಾ, ಗ್ಯಾಸ್ ಹಚ್ಚಿಕೊಡ್ರಿ. ಅಗಸಿ ಕುದಸಬೇಕು.”

“ಅಗಸಿ ಹುರೀತಾರಲ್ಲವಾ ಚಟ್ನಿಗೆ? ಕುದಸೂದ್ಯಾಕ?”

“ಇದು ಬ್ಯಾರೇನ ಐತ್ರಿ ಪಪ್ಪಾ.”

ಅಪ್ಪ ಬಂದು ಒಲೆ ಹಚ್ಚಿ, ಪಕ್ಕದಲ್ಲೇ ನಿಂತು, ಕುತ್ತಿಗೆಯನ್ನು ಮಾತ್ರ ಟಿವಿಯ ಕಡೆ ಚಾಚಿದ. ಪಾತ್ರೆ ಕುದಿಯಿತು. ಗ್ಯಾಸ್ ಆರಿಸಿ ಅವನು ಸೋಫಾಕ್ಕೆ ಮರಳಿದ.

ತಣ್ಣಗಾದ ಮೇಲೆ ಕಾವ್ಯಾ ನೋಡಿದರೆ ಲೋಳೆ ದಪ್ಪಗಾಗಿತ್ತು. ಒಳಗೆ ಕಂದು ಬೀಜಗಳು ತೇಲುತ್ತಿದ್ದವು. ಅಜ್ಜಿಯ ಬಟ್ಟಲಿನಲ್ಲಿ ಬೀಜ ಇದ್ದವೇ? ನೆನಪಾಗಲಿಲ್ಲ. ಇರಲಿ, ಬೀಜ ಇದ್ದರೆ ಇನ್ನೂ ಒಳ್ಳೆಯದೇ ಎಂದುಕೊಂಡು ಎರಡೂ ಕೈಯಿಂದ ತಲೆಗೆಲ್ಲ ಬಳಿದುಕೊಂಡಳು. ಚೆನ್ನಾಗಿ ಹಿಡಿಯಲಿ ಎಂದು ಫ್ಯಾನಿನ ಕೆಳಗೂ ಕುಳಿತಳು.

ಹಿಡಿಯಿತು. ಸಿಕ್ಕಾಪಟ್ಟೆ ಹಿಡಿಯಿತು. ಲೋಳೆ ಒಣಗಿ, ಒಂದೊಂದು ಬೀಜವೂ ಗೋಂದು ಹಚ್ಚಿದಂತೆ ಕೂದಲಿಗೆ ಅಂಟಿಕೊಂಡಿತು.

ಬಾಗಿಲ ಬೆಲ್ ಆಯಿತು. ಪಕ್ಕದ ಫ್ಲಾಟಿನ ಕೃಪಾ ಸ್ಕಿಪ್ಪಿಂಗ್ ಹಗ್ಗ ಹಿಡಿದು ನಿಂತಿದ್ದಳು. ಮೈಸೂರಿನ ಹುಡುಗಿ, ಕಾವ್ಯಾಳದೇ ಕ್ಲಾಸು.

“ಬಾರೇ, ಆಡೋಣ...” ಎಂದವಳು ಎರಡು ಹೆಜ್ಜೆ ಹಿಂದೆ ಹಾರಿದಳು. “ಅಯ್ಯಯ್ಯೋ! ಹೇನು ಕಣೇ! ತಲೆ ತುಂಬಾ ಹೇನು!”

“ಹೇನಲ್ಲ! ಅಗಸಿ ಅದು!”

“ಅಗಸೀನಾ? ಅದೇನದು? ಹತ್ರ ಬರ್ಬೇಡ್ವೇ!” ಕೃಪಾ ತನ್ನ ತಲೆ ಕೆರೆದುಕೊಳ್ಳುತ್ತಾ ಮನೆಯೊಳಗೆ ಓಡಿ ಬಾಗಿಲು ಹಾಕಿಕೊಂಡಳು.

ಕಾವ್ಯಾ ಕನ್ನಡಿ ನೋಡಿದಳು. ನಿಜವಾಗಿಯೂ ಹೇನಿನ ಜಾತ್ರೆಯೇ ನೆರೆದಂತಿತ್ತು. ಬಾಚಣಿಗೆ ಹಾಕಿದರೆ ಅದು ಒಂದು ಬೆರಳಿನಷ್ಟೂ ಇಳಿಯಲಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡು ಬಾಲ್ಕನಿಯ ಮೂಲೆಯಲ್ಲಿ ಕುಳಿತು ಜೋರಾಗಿ ಅತ್ತಳು. ನಾಳೆ ಸಂಡೇ. ಎಲ್ಲ ಮುಗಿಯಿತು. ಪಾರ್ಲರಿನವರು ಈಗ ಭುಜದ ತನಕ ಕೂಡ ಉಳಿಸಲಿಕ್ಕಿಲ್ಲ.

ಶನಿವಾರವಾದ್ದರಿಂದ ಅಮ್ಮ ಸಂಜೆಯೇ ಬಂದಳು. ಅಪ್ಪ ಬಾಗಿಲಲ್ಲೇ ಏನೋ ಪಿಸುಗುಟ್ಟಿದ. ಅಮ್ಮ ಗಡಬಡಿಸಿ ಬಾಲ್ಕನಿಗೆ ಬಂದು ಟವೆಲ್ ತೆಗೆದಳು. ಒಂದು ಬೀಜ ಕಿತ್ತು, ಉಗುರಿನಿಂದ ಒತ್ತಿ, ಮೂಸಿದಳು.

“ಕಾವ್ಯಾ! ಅಗಸಿ ಸೋಸಲಾರದ ಹಚ್ಚಿಕೊಂಡೀಯೇನ?”

“ಸೋಸಬೇಕಾ?” ಕಾವ್ಯಾ ಬಿಕ್ಕಿದಳು.

ಅಮ್ಮ ಬೈಯಲು ಬಾಯಿ ತೆರೆದಳು. ಬಂದದ್ದು ನಗು. ನಕ್ಕೂ ನಕ್ಕೂ ಹೆಗಲಿನ ಬ್ಯಾಗು ಜಾರಿ ಕೆಳಗೆ ಬಿತ್ತು. ಫೋನ್ ಹಚ್ಚಿ ಅಜ್ಜಿಗೆ ಹೇಳಿದರೆ ಅತ್ತ ಕಡೆಯಿಂದಲೂ ನಗುವೇ.

“ಬಿಸಿ ಇದ್ದಾಗನ ತೆಳ್ಳನ ಬಟ್ಟ್ಯಾಗ ಸೋಸಬೇಕವಾ,” ಅಜ್ಜಿಯ ದನಿ ಹೊರಗೂ ಕೇಳುತ್ತಿತ್ತು. “ಈಗ ಜಗ್ಗಬ್ಯಾಡ್ರಿ ಮತ್ತ. ಉಗುರು ಬೆಚ್ಚಗಿನ ನೀರಾಗ ನೆನಸಿ, ಎಣ್ಣಿ ಹಚ್ಚಿ, ಒಂದೊಂದ ಬಿಡಸು. ಕಡೀಕ ಒಂದು ತಂಬಿಗಿ ಕುಡಿಯೋ ನೀರು ಹಾಕು ಜಗದೇವಿ. ನಿಮ್ಮ ಬೋರಿನ ನೀರು ಬ್ಯಾಡ.”

ಅಮ್ಮ ಸೀರೆ ಕೂಡ ಬದಲಿಸಲಿಲ್ಲ. ಕೂದಲು ನೆನೆಸಿ, ಎಣ್ಣೆ ಹಚ್ಚಿ, ಮಗಳನ್ನು ಮುಂದೆ ಕೂರಿಸಿಕೊಂಡು ಬೀಜ ಬಿಡಿಸತೊಡಗಿದಳು. ಜಾರುವ ಬೀಜಗಳು ಒಂದೊಂದಾಗಿ ತಟ್ಟೆಗೆ ಬಿದ್ದವು.

ಒಳಗೆ ಅಮ್ಮನ ಫೋನ್ ರಿಂಗಾಯಿತು.

“ಆಫೀಸಿಂದು,” ಎಂದು ಅಪ್ಪ ಕೂಗಿದ.

“ಕೈಯೆಲ್ಲ ಎಣ್ಣಿ ಆಗೈತಿ. ಆಮ್ಯಾಲ ಮಾಡ್ತೀನಂತ ಹೇಳ್ರಿ.”

ಕಾವ್ಯಾ ತಿರುಗಿ ನೋಡಿದಳು. ಅಮ್ಮ ಹೀಗೆ ಹೇಳಿದ್ದನ್ನು ಅವಳು ಕೇಳಿಯೇ ಇರಲಿಲ್ಲ.

“ನನಗೂ ನಿನ್ನಂಥಾದ್ದ ಜಡಿ ಇತ್ತು ಗೊತ್ತೇನ?” ಅಮ್ಮ ಹೇಳಿದಳು. “ನಿಮ್ಮಜ್ಜಿ ಬಾಚಾಕ ಕುಂತ್ರ ಓಣಿ ಸುದ್ದಿ ಎಲ್ಲಾ ಹೇಳ್ತಿದ್ಳು. ಕೇಳಬೇಕಂತನ ನಾ ಸಾಲಿಗಿ ಲೇಟ್ ಆಗ್ತಿದ್ನಿ.”

“ಮತ್ತ ನಿನ್ನ ಜಡಿ?”

“ನೌಕರಿ ಸೇರಿದ ಮ್ಯಾಲ ಕಟ್ ಮಾಡಿಸಿದೆ. ಟೈಮ್ ಎಲ್ಲಿರತೈತಿ?” ಅಮ್ಮ ತನ್ನ ಗಿಡ್ಡ ಕೂದಲನ್ನು ಮೊಣಕೈಯಿಂದ ಹಿಂದೆ ಸರಿಸಿದಳು. ಆಮೇಲೆ ಮುಂದಿನ ಬೀಜಕ್ಕೆ ಕೈ ಹಾಕಿದಳು.

ಕತ್ತಲಾಗುವಷ್ಟರಲ್ಲಿ ತಟ್ಟೆ ತುಂಬಿತ್ತು. ಸೀಗೆಪುಡಿ ಹಾಕಿ ಎರೆದದ್ದಾಯಿತು. ಅಪ್ಪ ಕುಡಿಯುವ ನೀರಿನ ಕ್ಯಾನನ್ನೇ ಬಚ್ಚಲಿಗೆ ಹೊತ್ತು ತಂದ. “ರಾಣಿಯವರ ಜಳಕ ಆತಂದ್ರ ನಮಗೂ ಒಂದು ಗ್ಲಾಸ್ ಉಳಸ್ರಿ,” ಎಂದ.

ಸಂಡೇ ಬೆಳಿಗ್ಗೆ ಅಮ್ಮ ಬಾಲ್ಕನಿಯಲ್ಲಿ ಬಾಚಣಿಗೆ ಹಿಡಿದು ಕುಳಿತಳು, ಅದೇ ಹಲ್ಲು ಮುರಿದ ಬಾಚಣಿಗೆ. ಕಾವ್ಯಾ ಅವಳ ಮುಂದೆ ಕುಳಿತು ಕಣ್ಣು ಮುಚ್ಚಿಕೊಂಡಳು.

ಬಾಚಣಿಗೆ ನೆತ್ತಿಯಿಂದ ಹೊರಟಿತು. ಕುತ್ತಿಗೆ ದಾಟಿತು. ಬೆನ್ನು ದಾಟಿತು. ಎಲ್ಲೂ ನಿಲ್ಲದೆ ಸರ್ರನೆ ತುದಿಗೆ ಬಂದು ಗಾಳಿಯಲ್ಲಿ ಹೊರಬಿತ್ತು.

ಗೆದ್ದೆ! ಎಂದು ಕೂಗಲು ಕಾವ್ಯಾ ಬಾಯಿ ತೆರೆದಳು.

ಅಷ್ಟರಲ್ಲಿ ಬಾಚಣಿಗೆ ಮತ್ತೆ ನೆತ್ತಿಗೆ ಬಂತು. ಮತ್ತೆ ನಿಧಾನವಾಗಿ ಕೆಳಗಿಳಿಯಿತು. ಮತ್ತೆ ಮೇಲೆ ಬಂತು. ಒಂದು ಸಿಕ್ಕೂ ಇರಲಿಲ್ಲ, ಆದರೂ ಅಮ್ಮ ಬಾಚುತ್ತಲೇ ಇದ್ದಳು. “ಕೃಪಾನ ಮನಿ ಸುದ್ದಿ ಕೇಳಿದೇನ?” ಎಂದು ಶುರು ಮಾಡಿದಳು. “ನಿನ್ನೆ ಅಕೀ ತಲಿಗೂ ಅವರ ಮಮ್ಮಿ ಹೇನಿನ ಹಣಿಗಿ ಹಾಕಿ ಹಾಕಿ ಹುಡುಕ್ಯಾರಂತ...”

ಈ ಹೊತ್ತು ತನಗೊಬ್ಬಳಿಗೇ ಬೇಕು ಎಂದು ಕಾವ್ಯಾ ಇಷ್ಟು ದಿನ ಅಂದುಕೊಂಡಿದ್ದಳು. ಅವಳು ತೆರೆದ ಬಾಯಿ ಮುಚ್ಚಿ, ಇನ್ನೂ ಸ್ವಲ್ಪ ಹಿಂದೆ ಸರಿದು, ಅಮ್ಮನ ಮೊಣಕಾಲಿಗೆ ಒರಗಿ ಕುಳಿತಳು.

“ಆಮ್ಯಾಲ?” ಎಂದು ಕೇಳಿದಳು.