ಪುಕ್ಕಟೆ ಗಾಳಿ

ಜೆಟ್ಟಿಯ ಮೂರನೇ ಕಂಬಕ್ಕೆ ಅಂಟಿದ ಚಿಪ್ಪು ಕೆರೆಯುತ್ತಿದ್ದಾಗ ಗಾಳಿ ನಿಂತಿತು.

ಸಮುದ್ರದ ತಳ. ಹಲ್ಲಲ್ಲಿ ಕಚ್ಚಿದ ರಬ್ಬರ್ ಕೊಳವೆ. ಅದರ ಇನ್ನೊಂದು ತುದಿ ಮೇಲೆ, ದೋಣಿಯ ಕಂಪ್ರೆಸರ್‌ಗೆ. ನಮ್ಮ ದ್ವೀಪದಲ್ಲಿ ಮುಳುಗುವವರೆಲ್ಲ ಉಸಿರಾಡುವುದು ಹೀಗೆಯೇ.

ಎಳೆದೆ. ಏನೂ ಬರಲಿಲ್ಲ.

ಕಂಪ್ರೆಸರ್ ಸದ್ದು ಕೇಳುತ್ತಲೇ ಇತ್ತು. ಅಂದರೆ... ಕೊಳವೆಯನ್ನು ಯಾರೋ ಮೆಟ್ಟಿದ್ದಾರೆ.

ಕೊಳವೆ ಉಗಿದು, ಕಾಲು ಬಡಿದು ಮೇಲಕ್ಕೆ ಈಜಿದೆ. ಎದೆ ಒಡೆಯುವ ಮುಂಚೆ ದೋಣಿಯ ಅಂಚು ಸಿಕ್ಕಿತು.

ಕೊಳವೆಯ ಮೇಲೆ ಬೂಟುಗಾಲಿಟ್ಟು ನಿಂತಿದ್ದವನು ಅಮಾದೊ. ಊರಿನ ಮುಖಂಡ. ಸತ್ತ ನನ್ನ ಗಂಡನ ತಮ್ಮ.

"ಅಯ್ಯೋ, ಕಾಲಡಿ ಬಂತಾ? ನೋಡಲೇ ಇಲ್ಲ ಅತ್ತಿಗೆ."

"ಈಗ ನೋಡಿದ್ಯಲ್ಲ. ತೆಗಿ."

ತೆಗೆದ. ನಿಧಾನವಾಗಿ.

ಜೆಟ್ಟಿಯ ಮೇಲಿಂದ ಎಂಜಿನಿಯರ್ ಸಾಲ್ಸೆಡೊ ಬಗ್ಗಿದ. ಮನಿಲಾದವನು. ಬಿಳಿ ಅಂಗಿ, ಬಿಳಿ ಹಲ್ಲು.

"ಮೂರನೇ ಕಂಬ ಬೇಡ ಅಂದಿದ್ನಲ್ಲಮ್ಮಾ."

"ಆರು ತಿಂಗ್ಳಿಗೊಮ್ಮೆ ಎಲ್ಲ ಕಂಬಾನೂ ಕೆರೀತೀನಿ. ಅಭ್ಯಾಸ."

"ಏನು ಕಾಣಿಸ್ತು?"

"ಚಿಪ್ಪು."

"ಚಿಪ್ಪು ಮಾತ್ರಾನಾ?"

"ಮುತ್ತು ಸಿಕ್ಕಿದ್ರೆ ನಿಮ್ಗೆ ಹೇಳ್ತಿದ್ನಾ?"

ಅವನು ನಕ್ಕ. ಅಮಾದೊ ನಗಲಿಲ್ಲ. ನನ್ನ ಕಿವಿಯ ಹತ್ತಿರ ಬಂದ.

"ಅಣ್ಣ ಹೋಗಿದ್ದೂ ಇದೇ ನೀರಲ್ಲಿ. ಹುಷಾರು, ಅತ್ತಿಗೆ."

ಜೆಟ್ಟಿಯ ತುದಿಯಲ್ಲಿ ಸಾಲ್ಸೆಡೊನ ಗೋಪುರವಿದೆ. ಒಳಗೆ ನೀರು, ನೀರಲ್ಲಿ ಬುಟ್ಟಿಗಳ ಸರಪಳಿ. ತಳದಲ್ಲಿ ಗಾಳಿ ತುಂಬಿದರೆ ಬುಟ್ಟಿ ತೇಲಿ ಮೇಲೇರುತ್ತದೆ, ಸರಪಳಿ ತಿರುಗುತ್ತದೆ, ದೀಪ ಹತ್ತುತ್ತದೆ. ಗಾಳಿ ಪುಕ್ಕಟೆ, ಕರೆಂಟೂ ಪುಕ್ಕಟೆ ಎಂದು ಇಗರ್ಜಿಯ ಮುಂದೆ ಭಾಷಣ ಮಾಡಿದ್ದ. ಬದಲಿಗೆ ನಮ್ಮ ಊರಿನ ಜನರೇಟರ್ ಅವನಿಗೆ ಕೊಟ್ಟುಬಿಡಬೇಕು. ಇವತ್ತು ಸಂಜೆ ಪಾದ್ರಿಗಳು ಗೋಪುರಕ್ಕೆ ಪವಿತ್ರ ಜಲ ಚಿಮುಕಿಸುತ್ತಾರೆ. ಅದಾದ ಮೇಲೆ ಜನರೇಟರ್ ಅವನ ಸರಕು ದೋಣಿ ಹತ್ತುತ್ತದೆ. ಜನರೇಟರ್ ಇಲ್ಲದಿದ್ದರೆ ಐಸ್ ಇಲ್ಲ. ಐಸ್ ಇಲ್ಲದಿದ್ದರೆ ಮೀನು ಕೊಳೆಯುತ್ತದೆ. ಮೀನು ಮಾರಿಯೇ ಬದುಕುವ ನಾವು ಹೆಂಗಸರು ಏನು ತಿನ್ನಬೇಕು? ಅವನ ಭಾಷಣವನ್ನೇ?

ಪುಕ್ಕಟೆ ಗಾಳಿ!

ಆ ಮಾತಿಗೆ ನನ್ನ ಮೈ ಉರಿಯುತ್ತದೆ. ನನ್ನ ಗಂಡ ತಳದಲ್ಲಿದ್ದಾಗ ಕಂಪ್ರೆಸರ್‌ನ ಡೀಸೆಲ್ ಮುಗಿಯಿತು. ಮೇಲೆ ಆಕಾಶದ ತುಂಬ ಗಾಳಿಯಿತ್ತು. ಅವನವರೆಗೆ ಇಳಿಯಲಿಲ್ಲ. ನೀರನ್ನು ಒತ್ತರಿಸಿ ಗಾಳಿಯನ್ನು ಕೆಳಗಿಳಿಸಲು ಬಲ ಬೇಕು. ಬುಟ್ಟಿ ಮೇಲೇರುವಾಗ ಹಿಂದಿರುಗಿಸುವುದು ಆ ಬಲವನ್ನೇ, ಅದೂ ಒಂದಿಷ್ಟು ಕಡಿಮೆ. ಕೊಟ್ಟದ್ದಕ್ಕಿಂತ ಹೆಚ್ಚು ವಾಪಸ್ ಕೊಡುವ ನೀರನ್ನು ನಾನಂತೂ ಕಂಡಿಲ್ಲ.

ಮತ್ತೆ ಅವನ ದೀಪ ಹೇಗೆ ಹತ್ತುತ್ತಿತ್ತು?

ಮೂರನೇ ಕಂಬದ ಚಿಪ್ಪಿನಡಿ ಕಪ್ಪು ತಂತಿಯಿತ್ತು. ಗೋಪುರದಿಂದ ಇಳಿದು, ಮರಳಿನಲ್ಲಿ ಹೂತು, ನೇರ ನಮ್ಮ ಜನರೇಟರ್ ಕೋಣೆಯ ಕಡೆ. ನಮ್ಮ ಡೀಸೆಲ್ಲಿನಲ್ಲೇ ನಮಗೆ ಪವಾಡ ತೋರಿಸಿದ್ದ. ದಿನವೂ ಮಧ್ಯಾಹ್ನ ಜನರೇಟರ್ ತಣಿಯಲು ನಿಲ್ಲಿಸುತ್ತೇವೆ. ಅದೇ ಹೊತ್ತಿಗೆ ಗೋಪುರವೂ ನಿಲ್ಲುತ್ತಿತ್ತು. ಸರ್ವಿಸಿಂಗ್ ಎನ್ನುತ್ತಿದ್ದ. ನಾವೂ ತಲೆಯಾಡಿಸುತ್ತಿದ್ದೆವು.

ಈಗ ಕೂಗಿದರೆ? ಅದು ಜೆಟ್ಟಿಯ ದೀಪದ ತಂತಿ ಎನ್ನುತ್ತಾನೆ ಅಮಾದೊ. ಊರು ಅವನನ್ನು ನಂಬುತ್ತದೆ.

ಮಧ್ಯಾಹ್ನ ಜನರೇಟರ್ ಸುಮ್ಮನಾಯಿತು. ತಂತಿಯಲ್ಲಿ ಜೀವ ಇಲ್ಲದ ಹೊತ್ತು.

"ಊಟಕ್ಕೆ ಬನ್ನಿ ಅತ್ತಿಗೆ. ಹಂದಿ ಸುಟ್ಟಿದ್ದಾರೆ."

"ನೀವು ನಡೀರಿ. ಕೈ ತೊಳ್ಕೊಂಡು ಬರ್ತೀನಿ."

ಇಬ್ಬರೂ ಹೋದರು. ಸಂಜೆ ಜನರೇಟರ್ ಗುಡುಗುತ್ತಿರುತ್ತದೆ. ಪಾದ್ರಿಗಳು ನೀರು ಚಿಮುಕಿಸುತ್ತಾರೆ. ಗೋಪುರದ ಸರಪಳಿ ತಿರುಗುವುದಿಲ್ಲ, ದೀಪ ಹತ್ತುವುದಿಲ್ಲ. ಊರೆಲ್ಲ ನೋಡುತ್ತಿರುತ್ತದೆ. ನಾನೂ ಹಿಂದಿನ ಸಾಲಿನಲ್ಲಿ ನಿಂತು ಜಪಸರ ಎಣಿಸುತ್ತಿರುತ್ತೇನೆ.

ಚೂರಿ ಸೊಂಟಕ್ಕೆ ಸಿಕ್ಕಿಸಿದೆ. ಕೊಳವೆಯನ್ನು ದೋಣಿಯಲ್ಲೇ ಬಿಟ್ಟೆ. ಎದೆ ತುಂಬ ಗಾಳಿ ಎಳೆದುಕೊಂಡೆ.

ಇದೊಂದು ಮಾತ್ರ ನಿಜಕ್ಕೂ ಪುಕ್ಕಟೆ.